ಆಜ್ಞೆಯನ್ನು ಒಪ್ಪದ ನಾವಿಕರು: ಜರ್ಮನಿಯ 1918ರ ಕ್ರಾಂತಿ

ಶ್ರೋತೃಗಳಿಗೆ ನಮಸ್ಕಾರ. ಮೊದಲ ಮಹಾಯುದ್ಧದ ಕೊನೆಯಲ್ಲಿ ಜರ್ಮನಿಯಲ್ಲಿ ನಡೆದ ಕ್ರಾಂತಿಯ ಮಾತು ಬಂದ ಕೂಡಲೇ ನಮ್ಮಲ್ಲಿ ಬಹುಮಂದಿ ಎಡಪಂಥೀಯ ಕ್ರಾಂತಿಕಾರಿ ನಾಯಕರಾದ ರೋಸಾ ಲಕ್ಸೆಂಬರ್ಗ್ ಮತ್ತು ಕಾರ್ಲ್ ಲೀಬ್‌ಕ್ನೆಖ್ಟ್ ಅವರ ಹೆಸರು ಹೇಳಿ, ಲೆನಿನ್ ರಷ್ಯದಲ್ಲಿ ಮಾಡಿದ್ದನ್ನೇ ಇವರು ಬರ್ಲಿನ್ನಿನಲ್ಲಿ ಮಾಡಹೋಗಿ ಸೋತರು ಎಂದು ಒಂದೇ ವಾಕ್ಯದಲ್ಲಿ ವಿಷಯವನ್ನು ಮುಗಿಸಿಬಿಡುತ್ತಾರೆ. ಈ ಮಾತನ್ನು ಕೇಳಿ ಕೇಳಿ ನನಗೆ ಬೇಸರವಾಗಿದೆ, ಕ್ಷಮಿಸಿ. ಆ ಕ್ರಾಂತಿಯನ್ನು ಯಾವ ಪಕ್ಷವೂ ಹೂಡಲಿಲ್ಲ. ವ್ಯರ್ಥವಾಗಿ ಸಾಯಲು ಒಪ್ಪದ ನಾವಿಕರು ಅದನ್ನು ಆರಂಭಿಸಿದರು. ನಾಯಕರು ಆಮೇಲೆ ಬಂದರು.

1918ರ ಅಕ್ಟೋಬರ್ ಕೊನೆಯ ವಾರ. ಯುದ್ಧ ಸೋತಾಗಿದೆ, ಬರ್ಲಿನ್ ಸರ್ಕಾರ ಕದನವಿರಾಮಕ್ಕಾಗಿ ಅಮೆರಿಕಕ್ಕೆ ಪತ್ರ ಬರೆದಾಗಿದೆ. ಅಂಥ ಹೊತ್ತಿನಲ್ಲಿ ನೌಕಾದಳದ ಹಿರಿಯ ಅಧಿಕಾರಿಗಳು, ಸರ್ಕಾರಕ್ಕೂ ತಿಳಿಸದೆ, ಇಡೀ ನೌಕಾಪಡೆಯನ್ನು ಬ್ರಿಟಿಷರ ಮೇಲೆ ಕೊನೆಯ ಕದನಕ್ಕೆ ಕಳುಹಿಸಲು ಯೋಜಿಸಿದರು. ಅವರಿಗೆ ತಮ್ಮ ಮಾನ ಉಳಿಯಬೇಕಿತ್ತು. ಸಾಯಬೇಕಾದವರು ಮಾತ್ರ ಸಾವಿರಾರು ನಾವಿಕರು. ವಿಲ್ಹೆಲ್ಮ್ಸ್‌ಹಾವೆನ್ ಬಂದರಿನ ಹೊರಗೆ ಲಂಗರು ಹಾಕಿದ್ದ ಯುದ್ಧನೌಕೆಗಳಲ್ಲಿ ಇದರ ಸುಳಿವು ಹಬ್ಬಿತು. ಥ್ಯೂರಿಂಗೆನ್ ಮತ್ತು ಹೆಲ್ಗೋಲಾಂಡ್ ಎಂಬ ಹಡಗುಗಳ ಸಿಬ್ಬಂದಿ ಆಜ್ಞೆಯನ್ನು ಧಿಕ್ಕರಿಸಿದರು, ಬಾಯ್ಲರಿನ ಬೆಂಕಿಯನ್ನು ಆರಿಸಿದರು. ಬೆಂಕಿಯಿಲ್ಲದೆ ಎಷ್ಟು ದೊಡ್ಡ ಅಡ್ಮಿರಲ್ ಕೂಗಾಡಿದರೂ ಹಡಗು ಚಲಿಸುವುದಿಲ್ಲವಷ್ಟೆ! ಕದನದ ಯೋಜನೆ ಅಲ್ಲಿಗೇ ಬಿದ್ದುಹೋಯಿತು.

ಆಜ್ಞೆ ಮೀರಿದವರನ್ನು ಬಂಧಿಸಲಾಯಿತು. ಬಂಧಿತರ ಪೈಕಿ ಕೆಲವರನ್ನು ಹೊತ್ತ ಮೂರನೆಯ ಸ್ಕ್ವಾಡ್ರನ್, ಅಂದರೆ ಯುದ್ಧನೌಕೆಗಳ ಒಂದು ಗುಂಪು, ಕೀಲ್ ಬಂದರಿಗೆ ಬಂದಿತು. ತಮ್ಮ ಜೀವ ಉಳಿಸಿದವರನ್ನು ಗುಂಡಿಗೆ ಒಪ್ಪಿಸುವುದು ಹೇಗೆಂದು ಜೊತೆಗಾರರು ಕಳವಳಗೊಂಡರು. ನವೆಂಬರ್ 3ರ ಭಾನುವಾರ ಹಡಗುಕಟ್ಟೆಯ ಕಾರ್ಮಿಕರೂ ಸೇರಿ ಮೆರವಣಿಗೆ ಹೊರಟಾಗ ಸೈನಿಕರ ತುಕಡಿಯೊಂದು ಗುಂಡು ಹಾರಿಸಿ 7 ಮಂದಿಯನ್ನು ಕೊಂದಿತು. ಮರುದಿನ ಇಡೀ ಊರು ನಾವಿಕರ ಕೈಯಲ್ಲಿತ್ತು, ಅವರು ಆರಿಸಿದ ಸೈನಿಕರ ಮಂಡಳಿ 14 ಬೇಡಿಕೆಗಳನ್ನು ಮುಂದಿಟ್ಟಿತ್ತು. ಬಂಧಿತರ ಬಿಡುಗಡೆ, ಪತ್ರಗಳ ಸೆನ್ಸಾರ್ ರದ್ದು, ಮೇಲಧಿಕಾರಿಗಳಿಂದ ಮರ್ಯಾದೆಯ ನಡವಳಿಕೆ, ನೌಕಾಪಡೆ ಯಾವ ಕಾರಣಕ್ಕೂ ಹೊರಡಕೂಡದು ಎಂಬ ಒತ್ತಾಯ: ಇವು ಅದರಲ್ಲಿದ್ದವು. ಕಾರ್ಖಾನೆಗಳನ್ನು ವಶಪಡಿಸಿಕೊಳ್ಳುವ ಮಾತು ಆ ಪಟ್ಟಿಯಲ್ಲಿ ಎಲ್ಲಿಯೂ ಇಲ್ಲ, ಇದನ್ನು ದಯವಿಟ್ಟು ಗಮನಿಸಿ. ಆಗ ಲಕ್ಸೆಂಬರ್ಗ್ ಬ್ರೆಸ್ಲೌ ಸೆರೆಮನೆಯಲ್ಲಿದ್ದರು.

ನಾವಿಕರು ರೈಲು ಹತ್ತಿ ಹೋದಲ್ಲೆಲ್ಲ ಇಂಥ ಮಂಡಳಿಗಳು ಹುಟ್ಟಿಕೊಂಡವು. ನವೆಂಬರ್ 7ರಂದು ಮ್ಯೂನಿಕ್ಕಿನಲ್ಲಿ ಬವೇರಿಯ ಪ್ರಾಂತದ ರಾಜಮನೆತನ ಉರುಳಿತು, 9ರಂದು ಬರ್ಲಿನ್ನಿನಲ್ಲಿ ಜರ್ಮನಿಯ ಚಕ್ರವರ್ತಿ ಕೈಸರನ ಪದತ್ಯಾಗದ ಘೋಷಣೆಯಾಯಿತು. ಆ ದಿನ ಮಧ್ಯಾಹ್ನ ಸಂಸತ್ ಭವನದ ಕಿಟಕಿಯಿಂದ ಸೋಶಿಯಲ್ ಡೆಮಾಕ್ರಾಟ್ ಪಕ್ಷದ ನಾಯಕ ಶೈಡೆಮಾನ್ ಗಣರಾಜ್ಯವನ್ನು ಸಾರಿದರೆ, ಕೆಲವೇ ಗಂಟೆಗಳ ಬಳಿಕ ಲೀಬ್‌ಕ್ನೆಖ್ಟ್ ಅರಮನೆಯಲ್ಲಿ ಸಮಾಜವಾದಿ ಗಣರಾಜ್ಯವನ್ನು ಸಾರಿದರು. ಇಬ್ಬರೂ ಆಗಲೇ ನಡೆದುಹೋದ ಸಂಗತಿಗೆ ಹೆಸರು ಕೊಡುತ್ತಿದ್ದರು.

ಮಂಡಳಿಗಳಿಗೆ ರಷ್ಯದ ದಾರಿ ಬೇಕಿತ್ತೇ? ಇದಕ್ಕೆ ಅವರೇ ಉತ್ತರ ಕೊಟ್ಟಿದ್ದಾರೆ. ಡಿಸೆಂಬರಿನಲ್ಲಿ ಬರ್ಲಿನ್ನಿನಲ್ಲಿ ಸೇರಿದ ಅವರ ಮಹಾಸಭೆ, ಅಧಿಕಾರವನ್ನು ತಾನೇ ಇಟ್ಟುಕೊಳ್ಳದೆ, ಸಾರ್ವತ್ರಿಕ ಚುನಾವಣೆಗೆ ಭಾರೀ ಬಹುಮತದಿಂದ ಒಪ್ಪಿತು. ಅದೇ ಸಭೆ, ಸೈನಿಕರೇ ತಮ್ಮ ಅಧಿಕಾರಿಗಳನ್ನು ಆರಿಸಬೇಕೆಂದೂ ನಿರ್ಣಯಿಸಿತು. ಕೈಸರ್ ಹೋದ ಮೇಲೆ ಅಧಿಕಾರಕ್ಕೆ ಬಂದಿದ್ದ, ಶೈಡೆಮಾನರ ಪಕ್ಷದವರೇ ಆದ ಎಬರ್ಟ್ ಅವರ ಸರ್ಕಾರ ಮೊದಲನೆಯದನ್ನು ನಡೆಸಿಕೊಟ್ಟಿತು, ಎರಡನೆಯದನ್ನು ಮೂಲೆಗೆ ಸರಿಸಿತು. ಹಳೆಯ ಸೇನಾಧಿಕಾರಿಗಳೊಡನೆ ಎಬರ್ಟ್ ಆಗಲೇ ಒಪ್ಪಂದ ಮಾಡಿಕೊಂಡಿದ್ದರು.

ಮುಂದಿನದನ್ನು ಅವಸರದಲ್ಲೇ ಹೇಳಬೇಕಾಗಿದೆ. 1919ರ ಜನವರಿಯಲ್ಲಿ ಎಡಪಂಥೀಯರು ಬರ್ಲಿನ್ನಿನಲ್ಲಿ ಎಬ್ಬಿಸಿದ ದಂಗೆಯನ್ನು ಸರ್ಕಾರದ ಪರವಾಗಿ ಹೋರಾಡಿದ ಸ್ವಯಂಸೇವಕ ಸೈನಿಕ ಪಡೆಗಳು ಹತ್ತಿಕ್ಕಿದವು. 15ರ ರಾತ್ರಿ ಲಕ್ಸೆಂಬರ್ಗ್ ಮತ್ತು ಲೀಬ್‌ಕ್ನೆಖ್ಟ್ ಇಬ್ಬರನ್ನೂ ಸೇನಾಧಿಕಾರಿಗಳು ಕೊಂದರು. ನಾಲ್ಕು ದಿನಗಳ ನಂತರ ನಡೆದ ಚುನಾವಣೆಯಲ್ಲಿ ಜರ್ಮನಿಯ ಮಹಿಳೆಯರು ಮೊದಲ ಬಾರಿಗೆ ದೇಶದ ಸಭೆಗೆ ಮತ ಹಾಕಿದರು. ಮ್ಯೂನಿಕ್ಕಿನಲ್ಲಿ ಮಂಡಳಿಗಳ ಹೆಸರಿನಲ್ಲಿ ಆಳಹೊರಟ ಗಣರಾಜ್ಯ ಏಪ್ರಿಲಿನಲ್ಲಿ ಹುಟ್ಟಿ ಮೇ ಆರಂಭದಲ್ಲಿ ರಕ್ತಪಾತದಲ್ಲಿ ಅಳಿಯಿತು. ಆ ಕಥೆ ಈ ಹತ್ತು ನಿಮಿಷಗಳಲ್ಲಿ ಹಿಡಿಯುವಂಥದ್ದಲ್ಲ. ನಮಸ್ಕಾರ.