ನಾಸಿಕದ ದ್ರಾಕ್ಷಿ ತೋಟಗಳಲ್ಲಿ ಮೂರು ದಿನ: ದಿನಕ್ಕೆ ಎರಡೇ ವೈನರಿ ಸಾಕು

ನಮಸ್ಕಾರ. ನಾಸಿಕ ನಮ್ಮವರಿಗೆ ಹೊಸ ಊರೇನಲ್ಲ. ಶಿರಡಿಗೆ ಹೋದವರು ಪಂಚವಟಿಯನ್ನೂ ತ್ರ್ಯಂಬಕೇಶ್ವರವನ್ನೂ ನೋಡಿಕೊಂಡು ಬರುವುದು ಎಷ್ಟೋ ವರ್ಷಗಳ ರೂಢಿ. ಅದೇ ಊರಿನ ಸುತ್ತಲಿನ ದ್ರಾಕ್ಷಿ ತೋಟಗಳಿಗೆ ವೈನ್ ಸವಿಯಲೆಂದೇ ಹೊರಡುವವರೂ ಈಗ ನಮ್ಮಲ್ಲಿದ್ದಾರೆ. ಅವರಲ್ಲಿ ಕೆಲವರು ಒಂದೇ ದಿನದಲ್ಲಿ ನಾಲ್ಕೈದು ವೈನರಿಗಳನ್ನು ಮುಗಿಸಿಬಿಡುವ ಲೆಕ್ಕ ಹಾಕುವುದನ್ನು ಕಂಡಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ. ಸುಗ್ಗಿಯ ಕಾಲದಲ್ಲಿ ಮೂರು ದಿನ, ದಿನಕ್ಕೆ ಎರಡು ವೈನರಿ. ಇದಕ್ಕಿಂತ ಅವಸರದ ಪ್ರವಾಸವನ್ನು ನಾನು ಯಾರಿಗೂ ಹೇಳಲಾರೆ.

ಮೊದಲು ಕಾಲದ ಮಾತು. ಯುರೋಪಿನ ಚಳಿಗಾಲದಲ್ಲಿ ದ್ರಾಕ್ಷಿ ಬಳ್ಳಿ ಎಲೆ ಉದುರಿಸಿ ಮಲಗುತ್ತದೆ, ಆದರೆ ನಮ್ಮ ಬಿಸಿಲಿನ ನಾಡಿನಲ್ಲಿ ಅದಕ್ಕೆ ಆ ನಿದ್ದೆಯೇ ಇಲ್ಲ. ಆದ್ದರಿಂದ ಇಲ್ಲಿನ ಬೆಳೆಗಾರರು ವರ್ಷಕ್ಕೆ ಎರಡು ಸಲ ಬಳ್ಳಿಯನ್ನು ಸವರುತ್ತಾರೆ. ವಿಜಯಪುರದ ಕಡೆಯ ನಮ್ಮ ರೈತರು ಚಾಟನಿ ಎನ್ನುವುದು ಇದನ್ನೇ. ಏಪ್ರಿಲ್ ಹೊತ್ತಿನ ಚಾಟನಿಯಿಂದ ಕಡ್ಡಿ ಬಲಿಯುತ್ತದೆ, ಮಳೆಗಾಲ ಮುಗಿಯುತ್ತಿರುವಂತೆ ಮಾಡುವ ಎರಡನೆಯ ಚಾಟನಿಯಿಂದ ಹಣ್ಣು ಬರುತ್ತದೆ, ಮತ್ತು ಚಳಿಯ ರಾತ್ರಿಗಳಲ್ಲಿ ಹುಳಿಯನ್ನು ಉಳಿಸಿಕೊಂಡೇ ಮಾಗಿದ ಆ ಗೊಂಚಲುಗಳು ಜನವರಿಯಿಂದ ಮಾರ್ಚ್‌ವರೆಗೆ ಕೊಯ್ಲಿಗೆ ಸಿಗುತ್ತವೆ. ನಾನು ಮೊದಲ ಸಲ ಹೋದದ್ದು ಆಗಸ್ಟಿನಲ್ಲಿ. ಬೆಟ್ಟಗಳೆಲ್ಲ ಹಸಿರಾಗಿದ್ದವು, ಬಳ್ಳಿಗಳೂ ಹಸಿರಾಗಿದ್ದವು, ಆದರೆ ಒಂದು ಕಾಯಿಯೂ ಇರಲಿಲ್ಲ. ಲೋಟದಲ್ಲಿರುವುದು ಎಲ್ಲಿಂದ ಬಂತೆಂಬುದನ್ನು ಕಣ್ಣಾರೆ ಕಾಣದೆ ಹಿಂತಿರುಗಿದ ಆ ಕೊರತೆ ಮುಂದಿನ ಫೆಬ್ರವರಿಯವರೆಗೂ ನನ್ನನ್ನು ಕಾಡಿತು.

ಹಾಗೆಂದು ಜನವರಿ 26ರ ರಜೆಯನ್ನು ನೋಡಿ ಟಿಕೆಟ್ ಮಾಡಿಸಬೇಡಿ. ಅಂದು ಮದ್ಯ ಮಾರಾಟವಿಲ್ಲದ ದಿನ. ವೈನರಿಯಲ್ಲಿ ತೋಟ ನೋಡಬಹುದೇ ಹೊರತು ವೈನ್ ಸವಿಯುವಂತಿಲ್ಲ.

ದಿನಕ್ಕೊಂದು ದಿಕ್ಕು ಇಟ್ಟುಕೊಳ್ಳುವುದು ನನ್ನ ಕ್ರಮ. ಮೊದಲ ದಿನ ಗೋದಾವರಿಗೆ ಕಟ್ಟಿರುವ ಗಂಗಾಪುರ ಅಣೆಕಟ್ಟಿನ ಕಡೆಗೆ. ತಿನ್ನುವ ದ್ರಾಕ್ಷಿಗೆ ಹೆಸರಾಗಿದ್ದ ಈ ಸೀಮೆಯಲ್ಲಿ ರಾಜೀವ್ ಸಾಮಂತ್ ಅವರು ಶೆನಿನ್ ಬ್ಲಾಂಕ್, ಸೊವಿನ್ಯೋನ್ ಬ್ಲಾಂಕ್ ತಳಿಗಳನ್ನು ನೆಟ್ಟು, 2000ದಲ್ಲಿ ತಮ್ಮ ಸುಲಾ ವೈನರಿಯ ಮೊದಲ ವೈನನ್ನು ಹೊರತಂದದ್ದು ಇಲ್ಲಿಯೇ. ಯಾರ್ಕ್ ವೈನರಿಯೂ ಅಲ್ಲಿಗೆ ಹತ್ತಿರದಲ್ಲಿದೆ. ಎರಡನೆಯ ದಿನ ಮುಂಬೈ ರಸ್ತೆಯಲ್ಲಿ ಇಗತ್‌ಪುರಿಯ ಕಡೆಗೆ ಹೋದರೆ ಸಹ್ಯಾದ್ರಿಯ ಮಗ್ಗುಲಲ್ಲಿ ವಲೋನ್ ವೈನರಿ ಇದೆ, ಗ್ರೋವರ್ ಜಂಪಾ ವೈನರಿ ಇದೆ. ಮೂರನೆಯ ದಿನ ಬೆಳಿಗ್ಗೆ ಉತ್ತರಕ್ಕೆ ದಿಂಡೋರಿ. ಅಲ್ಲಿ ಶಾಂಡನ್ ಕಂಪನಿ ನೊರೆಯುಕ್ಕುವ ವೈನ್ ತಯಾರಿಸುತ್ತದೆ. ಯಾವ ದಿನ, ಯಾವ ಹೊತ್ತಿಗೆ ಒಳಗೆ ಬಿಡುತ್ತಾರೆಂಬುದನ್ನು ಎಲ್ಲ ಕಡೆಯೂ ಫೋನ್ ಮಾಡಿ ಮೊದಲೇ ಕೇಳಿಕೊಳ್ಳಿ.

ದಿನಕ್ಕೆ ಎರಡೇ ಏಕೆ? ಒಂದು ವೈನರಿಯಲ್ಲಿ ಆರು ಬಗೆಯನ್ನು, ಬಗೆಗೆ 30 ಮಿಲಿಲೀಟರಿನಂತೆ ಸವಿದರೆ ಎರಡು ವೈನರಿಗೆ 360 ಮಿಲಿಲೀಟರ್, ಅಂದರೆ ಹೆಚ್ಚುಕಡಿಮೆ ಅರ್ಧ ಬಾಟಲಿ. ಅದರ ಮೇಲೆ ನಾಲಿಗೆ ಸೋಲುತ್ತದೆ. ಕೆಂಪು ವೈನಿನ ಒಗರು ಬಾಯಲ್ಲಿ ಕೂತ ಮೇಲೆ ಬಿಳಿ ವೈನಿನ ನವಿರಾದ ಹುಳಿ ತಿಳಿಯುವುದಿಲ್ಲ, ಆದ್ದರಿಂದಲೇ ನೊರೆಯ ವೈನು, ಬಿಳಿಯದು, ಕೆಂಪು, ಕೊನೆಗೆ ಸಿಹಿಯದು ಎಂಬ ಸರದಿಯನ್ನು ಎಲ್ಲೆಡೆ ಪಾಲಿಸುತ್ತಾರೆ. ಸವಿದು ಉಗುಳಲು ಪಾತ್ರೆ ಇಟ್ಟಿರುತ್ತಾರೆ, ಅಥವಾ ಕೇಳಿದರೆ ಕೊಡುತ್ತಾರೆ. ಎಂಜಲು ಮಡಿಯ ನಡುವೆ ಬೆಳೆದ ನಮಗೆ ನಾಲ್ಕು ಜನರೆದುರು ಉಗುಳುವುದು ಮುಜುಗರವೆನಿಸುವುದು ಸಹಜ, ಆದರೂ ಅದನ್ನು ಕಲಿಯಲೇಬೇಕು. ಬೆಳಕು ಹರಿಯುವ ಮುನ್ನ ಎದ್ದು, ತಂಪಿರುವಾಗಲೇ ಗೊಂಚಲು ಕೊಯ್ದವರ ದುಡಿಮೆ ಮತ್ತಿನಲ್ಲಿ ಮರೆಯಾಗಬಾರದು.

ಉಗುಳಿದೆನೆಂಬ ಧೈರ್ಯದ ಮೇಲೆ ಕಾರು ಓಡಿಸುವುದು ಮಾತ್ರ ಬೇಡವೇ ಬೇಡ. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮದ್ಯಸಾರ ನಮ್ಮ ಕಾನೂನಿನ ಮಿತಿ. ಕೋಣೆ ಕಾಯ್ದಿರಿಸುವುದಕ್ಕೂ ಮೊದಲು ಮೂರು ದಿನಕ್ಕೂ ಚಾಲಕರಿರುವ ಬಾಡಿಗೆ ಕಾರನ್ನು ಗೊತ್ತುಮಾಡಿ, ಅವರ ಊಟ ವಿಶ್ರಾಂತಿಯ ವೆಚ್ಚವನ್ನೂ ಲೆಕ್ಕದಲ್ಲಿ ಸೇರಿಸಿಕೊಳ್ಳಿ.

ಬೆಂಗಳೂರಿನಲ್ಲಿರುವವರಿಗೆ ಇನ್ನೊಂದು ಅನುಕೂಲವಿದೆ. ಗ್ರೋವರ್ ಕುಟುಂಬ 1988ರಲ್ಲಿ ಆರಂಭಿಸಿದ ವೈನರಿ ನಂದಿ ಬೆಟ್ಟದ ಕಡೆ, ದೊಡ್ಡಬಳ್ಳಾಪುರದಲ್ಲಿದೆ. ಹೊರಡುವ ಮುನ್ನ ಅಲ್ಲಿಗೊಮ್ಮೆ ಹೋಗಿ, ಶಿರಾಜ್ ಎಂಬ ಕೆಂಪು ವೈನಿನ ತಳಿ ನಂದಿಯ ಮಣ್ಣಿನಲ್ಲಿ ಹೇಗಿತ್ತೆಂದು ನಾಲ್ಕು ಸಾಲು ಬರೆದಿಟ್ಟುಕೊಳ್ಳಿ. ನಾಸಿಕದಲ್ಲಿ ಅದೇ ತಳಿಯನ್ನು ಬಾಯಿಗಿಟ್ಟಾಗ ಆ ಚೀಟಿಯನ್ನು ತೆರೆಯಿರಿ.

ಮೂರನೆಯ ದಿನದ ಮಧ್ಯಾಹ್ನಕ್ಕೆ ಮಾತ್ರ ಯಾವ ಹೊಸ ವೈನರಿಯನ್ನೂ ಗೊತ್ತುಮಾಡಬೇಡಿ. ಎರಡು ದಿನಗಳಲ್ಲಿ ಯಾವ ತೋಟದ ಯಾವ ವೈನ್ ಬಾಯಲ್ಲಿ ಉಳಿದಿದೆಯೋ ಅಲ್ಲಿಗೇ ಮರಳಿ, ಊಟದ ಜೊತೆ ಅದನ್ನೇ ಒಂದು ಲೋಟ ತರಿಸಿಕೊಂಡು, ಬಳ್ಳಿಯ ಸಾಲುಗಳಿಗೆ ಮುಖಮಾಡಿ ಕುಳಿತುಕೊಳ್ಳಿ.