ಮೊದಲು ಶಫಲ್ ಆಫ್ ಮಾಡಿ

ನಮಸ್ಕಾರ. ಇವತ್ತು ಒಂದೇ ಒಂದು ಆಲ್ಬಮ್ ಬಗ್ಗೆ ಮಾತು. ಅಮೆರಿಕದ ಹೆವಿ ಮೆಟಲ್ ಬ್ಯಾಂಡ್ ಮೆಟಾಲಿಕಾದ 'ಮಾಸ್ಟರ್ ಆಫ್ ಪಪೆಟ್ಸ್'. 1986ರ ಮಾರ್ಚ್‌ನಲ್ಲಿ ಬಂದದ್ದು. ಎಂಟು ಹಾಡು, ಹೆಚ್ಚುಕಡಿಮೆ 55 ನಿಮಿಷ. ಇದನ್ನು ಶಫಲ್‌ನಲ್ಲಿ, ಅಂದರೆ ಹಾಡುಗಳ ಕ್ರಮ ಕಲಸಿ, ಬಿಡಿಬಿಡಿಯಾಗಿ ಕೇಳಿದವರು ಬೇಕಾದಷ್ಟು ಜನ ಇದ್ದಾರೆ. ಮೊದಲಿಂದ ಕೊನೆವರೆಗೆ ಒಂದೇ ಸಲ ಕೂತು ಕೇಳಿದ್ದೀರಾ? ಇಲ್ಲ ಅಂದರೆ ನೀವಿನ್ನೂ ಇದನ್ನು ಕೇಳಿಲ್ಲ ಅಂತಲೇ ನನ್ನ ಲೆಕ್ಕ. ಬೈಕೊಳ್ಳಿ, ಪರವಾಗಿಲ್ಲ.

ಮೊದಲ ಹಾಡು 'ಬ್ಯಾಟರಿ'. ಶುರುವಾಗುವುದು ಅಕೂಸ್ಟಿಕ್ ಗಿಟಾರ್‌ನಿಂದ, ಮೆತ್ತಗೆ. ನಾನು ಮೊದಲ ಸಲ ಮನೆಯಲ್ಲಿ ಹಾಕಿದಾಗ ಅಡುಗೆಮನೆಯಿಂದ ಅಮ್ಮ, "ಚೆನ್ನಾಗಿದೆ ಕಣೋ, ಸ್ವಲ್ಪ ಜೋರಾಗಿಡು" ಅಂದರು. ಜೋರಾಗಿಟ್ಟೆ. ಅರ್ಧ ನಿಮಿಷ ಆಗಿರಬಹುದು, ಅಷ್ಟೆ. ಆಮೇಲೆ ಅಮ್ಮ ಸೌಟು ಹಿಡಿದುಕೊಂಡೇ ಆಚೆ ಬಂದರು.

ಎರಡನೆಯದು ಟೈಟಲ್ ಹಾಡು. ಎಂಟೂವರೆ ನಿಮಿಷ. ಬ್ಯಾಂಡ್‌ನ ಗಾಯಕ, ಗಿಟಾರಿಸ್ಟ್ ಜೇಮ್ಸ್ ಹೆಟ್‌ಫೀಲ್ಡ್ ಗಿಟಾರ್ ತಂತಿಯನ್ನು ಮೇಲಿಂದ ಕೆಳಕ್ಕೇ ಹೊಡೆಯುತ್ತಾ ಹೋಗುತ್ತಾನೆ, ಆ ವೇಗದಲ್ಲಿ! ಸುಮ್ನೆ ಐದು ನಿಮಿಷ ನೀವೂ ಹಾಗೆ ಕೈ ಆಡಿಸಿ ನೋಡಿ, ಮಣಿಕಟ್ಟು ಮಾತಾಡುತ್ತೆ. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೆಟಾಲಿಕಾ ಈ ಹಾಡು ನುಡಿಸಿದಾಗ ಅರಚಿದವರಲ್ಲಿ ನಾನೂ ಒಬ್ಬ. ಮರುದಿನ ಆಫೀಸಿನಲ್ಲಿ ಗಂಟಲೇ ಇರಲಿಲ್ಲ.

ಈಗ ಒಂದು ತಪ್ಪೊಪ್ಪಿಗೆ. ಮೂರನೇ ಹಾಡು, 'ದ ಥಿಂಗ್ ದಟ್ ಶುಡ್ ನಾಟ್ ಬಿ', ಅದನ್ನು ವರ್ಷಗಟ್ಟಲೆ ಹಾರಿಸಿದ್ದೇನೆ. ನಿಧಾನ, ಭಾರ. ಗಿಟಾರ್ ಶ್ರುತಿಯನ್ನೂ ಒಂದು ಸ್ವರ ಕೆಳಗಿಳಿಸಿದ್ದಾರೆ. ಅದೊಂದನ್ನೇ ಕೇಳಿದರೆ ಕೆಸರಲ್ಲಿ ಲಾರಿ ಎಳೆದ ಹಾಗಿರುತ್ತೆ. ಆದರೆ ಅದರ ಹಿಂದಿನ ಎರಡು ಹಾಡು ಹದಿಮೂರು ನಿಮಿಷ ಓಡಿಸಿರುತ್ತವಲ್ಲ, ಆಮೇಲೆ ಆ ಭಾರ ಬೇಕೇ ಬೇಕು. ಅದಿದ್ದರೇನೇ ಮುಂದಿನ 'ಸ್ಯಾನಿಟೇರಿಯಮ್' ಮೆಲ್ಲಗೆ ಶುರುವಾದಾಗ ಎದೆ ಹಗುರಾಗೋದು. ಅಲ್ಲಿಗೆ ಎಲ್‌ಪಿ ರೆಕಾರ್ಡ್ ತಟ್ಟೆಯ ಮೊದಲ ಬದಿ ಮುಗಿಯುತ್ತೆ. ಎದ್ದು ತಿರುಗಿಸಿ ಹಾಕಬೇಕು. ನೀರು ಕುಡಿಯೋಕೂ ಅದೇ ಟೈಮು.

ಎರಡನೇ ಬದಿಯಲ್ಲಿ 'ಲೆಪರ್ ಮೆಸ್ಸಾಯ' ನನಗೆ ಅಷ್ಟಕ್ಕಷ್ಟೇ. ಇರಲಿ. ನಾನು ಕಾಯೋದು ಏಳನೆಯದಕ್ಕೆ, 'ಒರಾಯನ್'. ಮಾತಿಲ್ಲ, ಬರೀ ವಾದ್ಯ, ಎಂಟು ನಿಮಿಷ ದಾಟುತ್ತೆ. ಸಂಗೀತ ಕಛೇರಿಯಲ್ಲಿ ಬರೀ ಮೃದಂಗದವರ ಸರದಿ, ಅಂದರೆ ತನಿ ಆವರ್ತನ, ಶುರುವಾದ ಕೂಡಲೇ ಕಾಫಿಗೆ ಎದ್ದು ಹೋಗೋರು ಇರ್ತಾರಲ್ವಾ, ಇಲ್ಲೂ ಅಂಥವರಿದ್ದಾರೆ. ಹೋಗಬೇಡಿ. ದೂರದಿಂದ ಬರುವ ಹಾಗೆ ಸದ್ದು ಏರುತ್ತೆ. ನಾಲ್ಕು ನಿಮಿಷದ ಹೊತ್ತಿಗೆ ಎಲ್ಲ ಹಿಂದೆ ಸರಿದು ಬ್ಯಾಂಡ್‌ನ ಕ್ಲಿಫ್ ಬರ್ಟನ್‌ನ ಬೇಸ್ ಗಿಟಾರ್ ಮಾತ್ರ ಉಳಿಯುತ್ತೆ. ತೊಟ್ಟಿಲು ತೂಗಿದ ಹಾಗಿರೋ ಲಯ. ಮುಕ್ಕಾಲು ಗಂಟೆಯ ಅಬ್ಬರ ಕೇಳಿ ಬಂದ ಕಿವಿಗೆ ಅದು ಎಲ್ಲಿಗೆ ತಾಗುತ್ತೆ ಅಂತ ಹೇಳೋದು ಕಷ್ಟ. ನೇರವಾಗಿ ಅದೊಂದನ್ನೇ ಹಾಕಿಕೊಂಡರೆ ಚೆನ್ನಾಗಿರುತ್ತೆ, ಅಷ್ಟೆ.

ಆಲ್ಬಮ್ ಬಂದ ಆರೇ ತಿಂಗಳಿಗೆ, ಸೆಪ್ಟೆಂಬರ್ 27ರಂದು, ಸ್ವೀಡನ್‌ನಲ್ಲಿ ಬ್ಯಾಂಡ್‌ನ ಬಸ್ ಮಗುಚಿ ಕ್ಲಿಫ್ ಹೋಗಿಬಿಟ್ಟ. 24 ವರ್ಷ. ಅವನ ಅಂತ್ಯಕ್ರಿಯೆಯಲ್ಲಿ ಹಾಕಿದ್ದು ಇದೇ 'ಒರಾಯನ್'.

ಹಾಗಾಗಿ ಇವತ್ತು ರಾತ್ರಿ ಊಟ ಆದಮೇಲೆ ಫೋನ್ ಸೈಲೆಂಟ್ ಮಾಡಿ, ಹೆಡ್‌ಫೋನ್ ಹಾಕಿ. ಮಧ್ಯೆ ಜಾಹೀರಾತು ನುಗ್ಗಿಸೋ ಆ್ಯಪ್ ಬೇಡ. ಮೂರನೇ ಹಾಡಿನಲ್ಲಿ ಬೆರಳು ತುರಿಸುತ್ತೆ, ಗೊತ್ತು. ಕೈ ಕಟ್ಟಿ ಕೂತ್ಕೊಳ್ಳಿ.