ರಾಡಿ ವೈನಿಗೆ ಯಾವ ಮದ್ದು?

ನಮಸ್ಕಾರ ಕೇಳುಗರೆ.

ಮಾಪ್ಸಾದ ಶುಕ್ರವಾರದ ಸಂತೆಯಲ್ಲೋ ಮಡಗಾಂವ್ ಮಾರ್ಕೆಟ್ಟಿನಲ್ಲೋ ಕಪ್ಪು ದ್ರಾಕ್ಷಿ ಅಗ್ಗವಾದಾಗ ಐದಾರು ಕಿಲೋ ತಂದು, ಸಕ್ಕರೆ, ಯೀಸ್ಟು, ಒಂದು ಹಿಡಿ ಗೋಧಿ ಸೇರಿಸಿ ಭರಣಿಗೆ ತುಂಬುವ ಮನೆಗಳು ಗೋವಾದಲ್ಲಿ ಕಡಿಮೆಯಿಲ್ಲ. ವಾಸ್ಕೊ, ಜುವಾರಿನಗರ, ಫೋಂಡಾ ಕಡೆಯ ನಮ್ಮ ಕನ್ನಡದವರಲ್ಲೂ ನೆರೆಮನೆಯಿಂದ ಇದನ್ನು ಕಲಿತವರಿದ್ದಾರೆ. ರುಚಿ ಬಂದಿರುತ್ತದೆ, ಘಮ ಬಂದಿರುತ್ತದೆ. ಗ್ಲಾಸಿಗೆ ಸುರಿದರೆ ಮಾತ್ರ ಹೊಸ ಮಳೆಯ ಹಳ್ಳದ ನೀರಿನ ಹಾಗೆ ರಾಡಿ. ಇವತ್ತಿನ ಮಾತು ಆ ರಾಡಿಯದ್ದು. ಅದಕ್ಕೂ ಮೊದಲು ಒಂದು ಎಚ್ಚರಿಕೆ: ಮದ್ಯ ತಯಾರಿಕೆ, ಮಾರಾಟ ಎರಡೂ ಅಬಕಾರಿ ಕಾಯ್ದೆಗೆ ಒಳಪಟ್ಟವು. ನಿಮ್ಮ ತಾಲೂಕಿನ ಅಬಕಾರಿ ಕಚೇರಿಯಲ್ಲಿ ನಿಯಮ ಕೇಳಿಕೊಂಡೇ ಮುಂದುವರಿಯಿರಿ.

ಏನು ಹಾಕಿದರೆ ವೈನು ತಿಳಿಯಾಗುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಅದರಲ್ಲಿ ತೇಲುತ್ತಿರುವುದು ಏನು ಎಂದು ಕೇಳುವವರು ಕಡಿಮೆ. ಯೀಸ್ಟಿನ ರಾಡಿ ಬೇರೆ, ಹಣ್ಣಿನ ಸಿಪ್ಪೆಯಲ್ಲಿರುವ ಪೆಕ್ಟಿನ್ ಎಂಬ ಅಂಟಿನ ರಾಡಿ ಬೇರೆ, ಗೋಧಿಯ ಪಿಷ್ಟದ್ದು ಬೇರೆ, ಪ್ರೋಟೀನಿನದ್ದು ಬೇರೆ. ಒಂದರ ಮದ್ದು ಇನ್ನೊಂದಕ್ಕೆ ಹಿಡಿಯುವುದಿಲ್ಲ. ಹಾಗಾಗಿ ಮೊದಲು ಪರೀಕ್ಷೆ.

ಹುದುಗುವುದು ಪೂರ್ತಿ ನಿಂತಿದೆಯೇ ನೋಡಿ. ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇದ್ದರೆ ಮೂರು ನಾಲ್ಕು ದಿನ ಒಂದೇ ಅಂಕ ತೋರಿಸಬೇಕು. ಸಿಹಿಯಿಲ್ಲದ ವೈನಿಗೆ ಅದು ಸಾಮಾನ್ಯವಾಗಿ 0.990ರಿಂದ 0.998ರ ನಡುವೆ ಇರುತ್ತದೆ. ಕಿಲೋ ಹಣ್ಣಿಗೆ ಕಿಲೋ ಸಕ್ಕರೆ ಹಾಕುವ ಪದ್ಧತಿಯ ವೈನಿನಲ್ಲಿ ಸಕ್ಕರೆ ಉಳಿಯುವುದರಿಂದ ಅಂಕ ಮೇಲೆಯೇ ನಿಲ್ಲುತ್ತದೆ. ಅಲ್ಲಿ ಅಂಕ ಎಷ್ಟು ಎನ್ನುವುದಕ್ಕಿಂತ ಅದು ಅಲುಗಾಡದೆ ನಿಂತಿದೆಯೇ ಎನ್ನುವುದು ಮುಖ್ಯ. ಇನ್ನೂ ಗುಳ್ಳೆ ಏಳುತ್ತಿದ್ದರೆ ಯಾವ ಮದ್ದೂ ಬೇಡ. ತಳಕ್ಕೆ ಇಳಿದದ್ದನ್ನು ಆ ಗುಳ್ಳೆಗಳೇ ಮತ್ತೆ ಮೇಲಕ್ಕೆ ಹೊತ್ತು ತರುತ್ತವೆ. ಹುದುಗು ನಿಂತ ಮೇಲೂ ವೈನಿನಲ್ಲಿ ಅನಿಲ ಕರಗಿ ಉಳಿದಿರುತ್ತದೆ. ಎರಡು ಮೂರು ದಿನ, ದಿನಕ್ಕೆ ಎರಡು ಸಲ, ಉದ್ದ ಸೌಟಿನಿಂದ ನೊರೆ ಏಳುವುದು ನಿಲ್ಲುವವರೆಗೆ ಮೆಲ್ಲಗೆ ತಿರುಗಿಸಿ ಅದನ್ನು ಹೊರಹಾಕಿ. ಎಷ್ಟೋ ಸಲ ಇಷ್ಟಕ್ಕೇ ಅರ್ಧ ರಾಡಿ ಇಳಿಯುತ್ತದೆ.

ಇನ್ನು ಪೆಕ್ಟಿನ್. ದ್ರಾಕ್ಷಿಯನ್ನು ಸಕ್ಕರೆ ನೀರಿನಲ್ಲಿ ಕುದಿಸಿ ವೈನು ಮಾಡುವವರಿಗೆ ಈ ತೊಂದರೆ ಹೆಚ್ಚು. ಕುದಿಸಿದಾಗ ಸಿಪ್ಪೆಯ ಪೆಕ್ಟಿನ್ ರಸಕ್ಕೆ ಬಿಡುತ್ತದೆ, ಅದನ್ನು ಒಡೆಯಬಲ್ಲ ಹಣ್ಣಿನದೇ ಕಿಣ್ವ, ಅಂದರೆ ಎನ್‌ಜೈಮ್, ಅದೇ ಬಿಸಿಗೆ ಸಾಯುತ್ತದೆ. ಜಾಮ್ ಗಟ್ಟಿಯಾಗುವುದೂ ಇದೇ ಪೆಕ್ಟಿನ್ನಿನಿಂದ. ಪರೀಕ್ಷೆ ಸುಲಭ: ಒಂದು ಚಮಚ ವೈನಿಗೆ ನಾಲ್ಕು ಚಮಚ ಸರ್ಜಿಕಲ್ ಸ್ಪಿರಿಟ್ ಬೆರೆಸಿ ಅರ್ಧ ಗಂಟೆ ಬಿಡಿ. ಲೋಳೆಯ ಎಳೆಗಳೋ ಗಂಟುಗಳೋ ಕಂಡರೆ ಅದು ಪೆಕ್ಟಿನ್. ಪರೀಕ್ಷೆಗೆ ಬಳಸಿದ್ದನ್ನು ಚೆಲ್ಲಿಬಿಡಿ, ಅದು ವಿಷ, ಬಾಯಿಗೆ ಹೋಗಬಾರದು. ಇದಕ್ಕೆ ಮದ್ದು ಪೆಕ್ಟಿನೇಸ್ ಎಂಬ ಕಿಣ್ವ. ಮದ್ಯಸಾರ ಇರುವಲ್ಲಿ ಅದು ನಿಧಾನಕ್ಕೆ ಕೆಲಸ ಮಾಡುವುದರಿಂದ ಪೊಟ್ಟಣದ ಮೇಲೆ ಹೇಳಿದ ಅಳತೆಯ ಎರಡರಷ್ಟು ಹಾಕಿ ಒಂದೆರಡು ವಾರ ಕಾಯಬೇಕು. ಮುಂದಿನ ವರ್ಷ ಹಣ್ಣು ಹಿಸುಕಿದ ದಿನವೇ ಹಾಕಿ, ಮತ್ತು ದಯವಿಟ್ಟು ಕುದಿಸಬೇಡಿ.

ಗೋಧಿ ಹಾಕಿದವರು ಪಿಷ್ಟವನ್ನೂ ಪರೀಕ್ಷಿಸಿ. ಸ್ವಲ್ಪ ವೈನಿಗೆ ನೀರು ಬೆರೆಸಿ ಬಣ್ಣ ತೆಳುವಾಗಿಸಿ, ಗಾಯಕ್ಕೆ ಹಚ್ಚುವ ಟಿಂಚರ್ ಅಯೋಡಿನ್ ಒಂದು ಹನಿ ಬಿಡಿ. ಕಡುನೀಲಿಗೆ ತಿರುಗಿದರೆ ಪಿಷ್ಟವಿದೆ, ಅದನ್ನು ಒಡೆಯಲು ಅಮೈಲೇಸ್ ಕಿಣ್ವ ಬೇಕು. ಗೋಧಿ ವೈನಿಗೆ ಏನು ಕೊಡುತ್ತದೆ ಎಂದು ಕೇಳಿದರೆ, ನನ್ನ ಲೆಕ್ಕದಲ್ಲಿ ಕೊಡುವುದಕ್ಕಿಂತ ಕೆಡಿಸುವುದೇ ಹೆಚ್ಚು.

ವೈನನ್ನು ಅಲುಗಿಸಿದಾಗ ರೇಷ್ಮೆಯಂಥ ಮಿಂಚಿನ ಸುರುಳಿ ಎದ್ದರೆ, ಜೊತೆಗೆ ವಿನೆಗರ್ ವಾಸನೆ ಹೊಡೆದರೆ, ಅದು ಬ್ಯಾಕ್ಟೀರಿಯಾದ ಕೆಲಸ. ತಿಳಿಗೊಳಿಸಲು ಹೋಗಬೇಡಿ.

ಇವೆಲ್ಲ ಇಲ್ಲವೆಂದಾದರೆ ಉಳಿಯುವುದು ಪ್ರೋಟೀನು, ಒಗರು ಕೊಡುವ ಟ್ಯಾನಿನ್, ಇಳಿಯಲೊಲ್ಲದ ಯೀಸ್ಟು. ಗಸಿ ಇಳಿಸುವ ಮದ್ದುಗಳು ಬೇಕಾಗುವುದು ಇಲ್ಲಿ. ಊರಲ್ಲಿ ಕೆರೆ ನೀರಿಗೆ ಪಟಿಕ ತಿರುಗಿಸುವುದನ್ನು ನೋಡಿದ್ದೀರಿ. ಮಣ್ಣಿನ ಕಣಗಳಿಗೆಲ್ಲ ಋಣ ವಿದ್ಯುದಂಶ. ಒಂದನ್ನೊಂದು ದೂಡುತ್ತ ತೇಲುತ್ತಲೇ ಇರುತ್ತವೆ. ಪಟಿಕದ ಧನ ಅಂಶ ಸೇರಿದಾಗ ಒಟ್ಟುಗೂಡಿ, ಭಾರವಾಗಿ ಇಳಿಯುತ್ತವೆ. ವೈನಿನಲ್ಲಿ ಇದು ತಿರುವುಮುರುವು. ವೈನಿನ ಹುಳಿಯಲ್ಲಿ ಪ್ರೋಟೀನಿಗೆ ಧನ ಅಂಶ ಇರುವುದರಿಂದ ಅದನ್ನು ಹಿಡಿದು ಇಳಿಸಲು ಮಣ್ಣೇ ಬೇಕು. ಆ ಮಣ್ಣಿನ ಹೆಸರು ಬೆಂಟೊನೈಟ್. ಪಟಿಕವನ್ನು ಮಾತ್ರ ವೈನಿಗೆ ಹಾಕಬೇಡಿ.

ಬೆಂಟೊನೈಟ್ ಆಹಾರ ದರ್ಜೆಯದ್ದೇ ಆಗಿರಬೇಕು. ಮುಖಕ್ಕೆ ಹಚ್ಚುವುದು, ಬೋರ್‌ವೆಲ್ ಕೊರೆಯಲು ಬಳಸುವುದು ಬೇಡ. ಈಗ ಅಳತೆ, ಬರೆದುಕೊಳ್ಳಿ. 100 ಮಿಲಿಲೀಟರ್ ಬಿಸಿನೀರು, 5 ಗ್ರಾಂ ಬೆಂಟೊನೈಟ್. ನೀರನ್ನು ತಿರುಗಿಸುತ್ತ ಪುಡಿಯನ್ನು ಚಿಟಿಕೆ ಚಿಟಿಕೆಯಾಗಿ ಉದುರಿಸಿ. ಪುಡಿಯ ಮೇಲೆ ನೀರು ಸುರಿದರೆ ಉಪ್ಪಿಟ್ಟಿನ ರವೆಯ ಹಾಗೆ ಗಂಟು ಕಟ್ಟುತ್ತದೆ, ಒಳಗಿನ ಪುಡಿ ಒಣಗಿಯೇ ಉಳಿಯುತ್ತದೆ. ಆಮೇಲೆ ಮುಚ್ಚಿ ಒಂದು ದಿನ ಪೂರ್ತಿ ನೆನೆಯಲು ಬಿಡಿ. ಮಣ್ಣಿನ ಪದರಗಳು ನೀರು ಕುಡಿದು ಬಿಡಿಸಿಕೊಂಡಷ್ಟೂ ಪ್ರೋಟೀನು ಅಂಟಿಕೊಳ್ಳಲು ಜಾಗ ಸಿಗುತ್ತದೆ. ಅವಸರಕ್ಕೆ ಪುಡಿಯನ್ನು ನೇರವಾಗಿ ಭರಣಿಗೆ ಹಾಕಿದವರಿಗೆ ಸಿಗುವುದು ತಳದಲ್ಲಿ ಕೆಸರು, ಮೇಲೆ ಅದೇ ರಾಡಿ.

ಹೀಗೆ ನೆನೆಸಿದ ಬೆಂಟೊನೈಟಿನ ತಿಳಿಕೆಸರನ್ನು ನೇರವಾಗಿ ಇಡೀ ಭರಣಿಗೆ ಸುರಿಯಬೇಡಿ. ನಾಲ್ಕು ಗಾಜಿನ ಸೀಸೆಗಳಲ್ಲಿ ತಲಾ 100 ಮಿಲಿಲೀಟರ್ ವೈನು ತೆಗೆದುಕೊಳ್ಳಿ. ಒಂದಕ್ಕೆ ಏನೂ ಹಾಕಬೇಡಿ. ಉಳಿದ ಮೂರಕ್ಕೆ ಔಷಧಿಯ ಸಿರಿಂಜಿನಿಂದ ಅರ್ಧ, ಒಂದು, ಎರಡು ಮಿಲಿಲೀಟರ್ ಹಾಕಿ ಕಲಕಿ, ಎರಡು ಮೂರು ದಿನ ಅಲುಗಿಸದೆ ಇಡಿ. ಯಾವುದು ಅತಿ ಕಡಿಮೆ ಮದ್ದಿಗೆ ತಿಳಿಯಾಯಿತೋ ಅದೇ ನಿಮ್ಮ ಅಳತೆ. 100 ಮಿಲಿಲೀಟರ್ ವೈನಿಗೆ 1 ಮಿಲಿಲೀಟರ್ ಹಿಡಿಸಿದರೆ ಲೀಟರಿಗೆ ಅರ್ಧ ಗ್ರಾಂ ಮಣ್ಣು ಎಂದರ್ಥ. ಇನ್ನೊಮ್ಮೆ ಹೇಳುತ್ತೇನೆ: 5 ಲೀಟರ್ ವೈನಿಗೆ ಆಗ ಬೇಕಾಗುವುದು 50 ಮಿಲಿಲೀಟರ್ ತಿಳಿಕೆಸರು, ಅದರಲ್ಲಿರುವ ಒಣ ಮಣ್ಣು ಎರಡೂವರೆ ಗ್ರಾಂ. ಲೀಟರಿಗೆ 1 ಗ್ರಾಂ ದಾಟಿದರೆ ಘಮವೂ ಬಣ್ಣವೂ ಮಣ್ಣಿನ ಜೊತೆ ತಳ ಸೇರುತ್ತವೆ. ಪೆಕ್ಟಿನೇಸ್ ಹಾಕುವುದಿದ್ದರೆ ಅದು ಮೊದಲು, ಬೆಂಟೊನೈಟ್ ಆಮೇಲೆ. ಕಿಣ್ವವೂ ಪ್ರೋಟೀನೇ ಆದ್ದರಿಂದ ಮಣ್ಣು ಅದನ್ನೂ ಎಳೆದುಕೊಂಡು ಹೋಗುತ್ತದೆ.

ಒಗರು ಜಾಸ್ತಿಯಾದ ಕೆಂಪು ವೈನಿಗೆ ಮೊಟ್ಟೆಯ ಬಿಳಿಭಾಗ ಹಳೆಯ ಮದ್ದು. ಮೊಟ್ಟೆಯ ಪ್ರೋಟೀನು ಟ್ಯಾನಿನ್ನನ್ನು ಹಿಡಿದುಕೊಂಡು ಇಳಿಯುತ್ತದೆ. ಮನೆಮನೆಯ ಪದ್ಧತಿಯಲ್ಲಿ ಇದು ಇದ್ದೇ ಇದೆ, ಆದರೆ ಎರಡು ತಪ್ಪು ಪದೇಪದೇ ಆಗುತ್ತವೆ. ಮೊದಲನೆಯದು ಪ್ರಮಾಣ. ವೈನರಿಗಳಲ್ಲಿ 225 ಲೀಟರಿನ ಪೀಪಾಯಿಗೆ ಹಾಕುವುದು ಐದರಿಂದ ಎಂಟು ಮೊಟ್ಟೆಯ ಬಿಳಿ. ಆ ಲೆಕ್ಕದಲ್ಲಿ 5 ಲೀಟರಿಗೆ ಒಂದು ಟೀ ಚಮಚದಷ್ಟು ಸಾಕು. ನಾವು ಇಡೀ ಮೊಟ್ಟೆಯ ಬಿಳಿ ಸುರಿದರೆ ಟ್ಯಾನಿನ್ ಮುಗಿದ ಮೇಲೂ ಪ್ರೋಟೀನು ಮಿಕ್ಕಿ, ಅದೇ ಹೊಸ ರಾಡಿಯಾಗುತ್ತದೆ. ಎರಡನೆಯದು, ಕೇಕಿಗೆ ಕಡೆದ ಹಾಗೆ ನೊರೆ ಬರಿಸುವುದು. ನೊರೆ ಮೇಲೆ ತೇಲುತ್ತದೆ, ಕೆಲಸಕ್ಕೆ ಬಾರದು. ಒಂದು ಚಮಚ ಬಿಳಿಭಾಗಕ್ಕೆ ಚಿಟಿಕೆ ಉಪ್ಪು, ನಾಲ್ಕು ಚಮಚ ನೀರು ಸೇರಿಸಿ ಫೋರ್ಕಿನಿಂದ ಮೆಲ್ಲಗೆ ಬೆರೆಸಿ, ಎಳೆ ಎಳೆಯಾಗಿ ಹಾಕುತ್ತ ವೈನನ್ನು ತಿರುಗಿಸಿ. ಇದು ಕೆಂಪು ವೈನಿಗೆ ಮಾತ್ರ. ಅತಿಥಿಗಳಿಗೆ ಕೊಡುವಾಗ ಮೊಟ್ಟೆ ಬಿದ್ದಿದೆ ಎಂದು ಹೇಳಿಯೇ ಕೊಡಿ. ಸಸ್ಯಾಹಾರಿಗಳಿರುತ್ತಾರೆ, ಅಲರ್ಜಿಯವರಿರುತ್ತಾರೆ.

ಜಿಲೆಟಿನ್ನೂ ಇದೇ ಜಾತಿಯದ್ದು, ಪ್ರಾಣಿಜನ್ಯ. ಬೇಕರಿ ಸಾಮಾನಿನ ಅಂಗಡಿಯಲ್ಲಿ ಸಿಗುವ, ಬಣ್ಣ ರುಚಿ ಬೆರೆಸದ ಪುಡಿ ಸಾಕು. 1 ಗ್ರಾಂ ಪುಡಿಯನ್ನು ಸ್ವಲ್ಪ ತಣ್ಣೀರಿನಲ್ಲಿ ಹತ್ತು ನಿಮಿಷ ನೆನೆಸಿ, ಬಿಸಿನೀರು ಸೇರಿಸಿ 100 ಮಿಲಿಲೀಟರ್ ಮಾಡಿ, ಕರಗಿಸಿ. ಕುದಿಸಬೇಡಿ, ಕುದಿಸಿದರೆ ಅದರ ಹಿಡಿತ ಕಡಿಮೆಯಾಗುತ್ತದೆ. ಅದೇ ನಾಲ್ಕು ಸೀಸೆಯ ಪರೀಕ್ಷೆ, ಅದೇ ಅರ್ಧ, ಒಂದು, ಎರಡು ಮಿಲಿಲೀಟರ್. 1 ಮಿಲಿಲೀಟರ್ ಹಿಡಿಸಿದರೆ ಲೀಟರಿಗೆ 0.1 ಗ್ರಾಂ. ಅಡುಗೆಮನೆಯ ತಕ್ಕಡಿಯಲ್ಲಿ ಇಷ್ಟು ಸಣ್ಣ ತೂಕ ಸಿಗುವುದಿಲ್ಲ. ನೀರಿನಲ್ಲಿ ಕರಗಿಸಿ ಸಿರಿಂಜಿನಿಂದ ಅಳೆಯಿರಿ ಎಂದು ಹೇಳುವುದು ಅದಕ್ಕೇ.

ಗೇರುಹಣ್ಣಿನ ವೈನು ಮಾಡುವವರಿಗೆ ಇನ್ನೊಂದು ದಾರಿಯಿದೆ, ಅದು ಹುದುಗುವ ಮೊದಲೇ. ಗಂಟಲು ಹಿಡಿಯುವ ಆ ಒಗರು ಟ್ಯಾನಿನ್ನಿನದ್ದು, ಅದನ್ನು ತೆಗೆಯಲು ಸಬ್ಬಕ್ಕಿ ಸಾಕು. ಲೀಟರ್ ರಸಕ್ಕೆ 5 ಗ್ರಾಂ ಸಬ್ಬಕ್ಕಿ ಪುಡಿಯನ್ನು ಸ್ವಲ್ಪ ನೀರಿನಲ್ಲಿ ಗಂಜಿಯಂತೆ ಬೇಯಿಸಿ, ಆರಿಸಿ, ರಸಕ್ಕೆ ಕಲಕಿ 12 ಗಂಟೆ ಬಿಡಿ. ನಮ್ಮ ಹವೆಯಲ್ಲಿ ಗೇರಿನ ರಸ ಕೂಡಲೇ ಹುದುಗಲು ತೊಡಗುವುದರಿಂದ ಈ 12 ಗಂಟೆ ಫ್ರಿಜ್ಜಿನಲ್ಲಿ ಕಳೆಯಲಿ. ಒಗರನ್ನು ಹಿಡಿದುಕೊಂಡು ಗಂಜಿ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನಷ್ಟೇ ಬಸಿದು ವೈನಿಗೆ ಹಾಕಿ. ತಳದ ಗಂಜಿ ಜೊತೆಗೆ ಬಂದರೆ ಆಗಲೇ ಹೇಳಿದ ಪಿಷ್ಟದ ರಾಡಿಯನ್ನು ನೀವೇ ತಂದುಕೊಂಡ ಹಾಗೆ.

ಮದ್ದು ಹಾಕಿದ ಮೇಲೆ ಬೇಕಾದದ್ದು ತಂಪು ಮತ್ತು ಅಲುಗಾಡದ ಜಾಗ. ಏಪ್ರಿಲ್ ಮೇ ತಿಂಗಳಲ್ಲಿ ಹಗಲು ಕಾದು ರಾತ್ರಿ ಆರುವ ಕೋಣೆಯಲ್ಲಿ ಭರಣಿಯೊಳಗೇ ಸಣ್ಣ ಸುಳಿಗಳು ಎದ್ದು ಗಸಿಯನ್ನು ಕಲಕುತ್ತಿರುತ್ತವೆ. 5 ಲೀಟರಿನ ಜಾರ್ ಆದರೆ ಫ್ರಿಜ್ಜಿನ ಕೆಳಗಿನ ಖಾನೆ ಖಾಲಿ ಮಾಡಿ ಒಂದು ವಾರ ಇಡಿ. ಆಗದಿದ್ದರೆ ನೆಲದ ಮೇಲೆ, ಬಿಸಿಲು ತಾಗದ ಮೂಲೆಯಲ್ಲಿ. ಆದರೆ ಸೆಕೆಯ ಕೋಣೆಯಲ್ಲಿ ವಾರಗಟ್ಟಲೆ ಗಸಿಯ ಮೇಲೆಯೇ ಬಿಡಬೇಡಿ, ಸತ್ತ ಯೀಸ್ಟು ಕೊಳೆತ ವಾಸನೆ ಬಿಡುತ್ತದೆ.

ಬಸಿಯುವಾಗ ಜಾರನ್ನು ಹಿಂದಿನ ದಿನವೇ ಮೇಜಿನ ಮೇಲೆ ಇಟ್ಟಿರಿ. ಎತ್ತುವಾಗ ಅಲುಗಿದ್ದು ಮತ್ತೆ ಕೂರಲು ಅಷ್ಟು ಹೊತ್ತು ಬೇಕು. ತೊಳೆದ ಪ್ಲಾಸ್ಟಿಕ್ ನಳಿಗೆಯ ತುದಿಯನ್ನು ಗಸಿಗಿಂತ ಎರಡು ಬೆರಳು ಮೇಲೆ ಹಿಡಿದು, ಇನ್ನೊಂದು ತುದಿಯನ್ನು ಕೆಳಗಿನ ಪಾತ್ರೆಯ ತಳಕ್ಕೆ ಮುಟ್ಟಿಸಿ. ಎತ್ತರದಿಂದ ಸುರಿದರೆ ಗಾಳಿ ಬೆರೆತು ವೈನು ಕಂದಾಗುತ್ತದೆ. ಬೆಂಟೊನೈಟಿನ ಗಸಿ ಸಡಿಲ, ಹತ್ತರಲ್ಲಿ ಒಂದು ಪಾಲು ವೈನು ಅದರಲ್ಲೇ ಹೋದೀತು. ಹೋಗಲಿ ಬಿಡಿ. ತಾಮ್ರ, ಕಬ್ಬಿಣದ ಪಾತ್ರೆ ಎಲ್ಲೂ ಬೇಡ, ಆ ಲೋಹಗಳಿಂದಲೇ ಬೇರೆ ರಾಡಿ ಹುಟ್ಟುತ್ತದೆ. ಬಸಿದ 5 ಲೀಟರಿಗೆ 0.4 ಗ್ರಾಂ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ ಎಂಬ ಸಂರಕ್ಷಕ ಪುಡಿ ಕರಗಿಸಿದರೆ ಕೆಡದೆ ಉಳಿಯಲು ಸಹಾಯ.

ಸೀಸೆಗೆ ತುಂಬುವ ಮೊದಲು ಇನ್ನೂ ಎರಡು ವಾರ ಕಾಯಿರಿ. ಫ್ರಿಜ್ಜಿನಲ್ಲಿಟ್ಟ ದ್ರಾಕ್ಷಿ ವೈನಿನ ತಳದಲ್ಲಿ ಕಲ್ಲುಸಕ್ಕರೆಯ ಪುಡಿಯಂಥ ಹರಳು ಕಂಡರೆ ಗಾಜಿನ ಚೂರೆಂದು ಗಾಬರಿಬೀಳಬೇಡಿ. ಅದು ದ್ರಾಕ್ಷಿಯದೇ ಟಾರ್ಟಾರಿಕ್ ಆಮ್ಲದ ಉಪ್ಪು, ತಂಪಿಗೆ ಹರಳುಗಟ್ಟಿದ್ದು. ಅದಕ್ಕೆ ಯಾವ ಮದ್ದೂ ಬೇಡ, ಮೇಲಿನ ವೈನನ್ನು ನಿಧಾನಕ್ಕೆ ಬಗ್ಗಿಸಿಕೊಂಡರೆ ಸಾಕು.

ನಮಸ್ಕಾರ.